ಎಡಗಣ್ಣಿನ ನೀರು

"ಇನ್ನೊಂಚೂರು ಮೇಲಕ್ಕೆತ್ತು ಕಣ್ಲಾ, ಕತ್ತು ವಾಲ್ತಾ ಅದೆ," ಎಂದು ಬೆಟ್ಟಸ್ವಾಮಿ ಹೇಳುತ್ತಿದ್ದಂತೆ ಇಬ್ಬರು ಮಾದಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತಿ, ಜಗಲಿಯ ಗೋಡೆಗೆ ಒರಗಿಸಿದರು. ಎದೆಗೊಂದು, ಹಣೆಗೊಂದು ಬಿಳಿ ಬಟ್ಟೆ ಸುತ್ತಿ ಹಿಂದಿನ ಕಿಟಕಿಯ ಸರಳಿಗೆ ಬಿಗಿದರು. ಆ ಜನರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಣೆ ತುಂಬ ವಿಭೂತಿ ಬಳಿದು ಕೊರಳಿಗೆ ಸೇವಂತಿಗೆ ಹಾರ ಹಾಕಿದ ಮೇಲೆ ಮಾದಪ್ಪ, ಬದುಕಿದ್ದಾಗ ಒಂದು ದಿನವೂ ಕೂರದಷ್ಟು ಗತ್ತಿನಲ್ಲಿ ಕೂತಿದ್ದ. ರೆಪ್ಪೆ ಪೂರ್ತಿ ಮುಚ್ಚಿರಲಿಲ್ಲ. ಎದುರಿಗೆ ಚಾಪೆಯ ಮೇಲಿದ್ದ ಹೆಂಡತಿ ವಿಶಾಲಮ್ಮನ ಕಡೆಗೇ ಆ ಅರೆಗಣ್ಣು ತಿರುಗಿತ್ತು.

ವಿಶಾಲಮ್ಮ ತಲೆ ಎತ್ತಲಿಲ್ಲ. ಹತ್ತು ದಿನದ ಹಿಂದೆ ಅವನು ಒಂದು ಮಾತು ಕೇಳಿದ್ದ. ಇವಳು ಉತ್ತರ ಕೊಟ್ಟಿರಲಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ದಿನ ನೂಕಿದ್ದಳು. ನಿನ್ನೆ ಮಧ್ಯಾಹ್ನ ತಾಂಡ್ಯದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ, ಬಸ್ಸಿಗೆ ಕಾಯುತ್ತಾ ಕಲ್ಲಿನ ಮೇಲೆ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ. ನಂಜನಗೂಡಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಹೆಡತಲೆ ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ವಿಶಾಲಮ್ಮನ ಕುತ್ತಿಗೆ ತಬ್ಬಿ, ಹಾಡಿ ಹಾಡಿ ಅತ್ತರು. ಅಳುತ್ತಲೇ ಅವಳ ಮುಖವನ್ನು ಕಳ್ಳನೋಟದಲ್ಲಿ ನೋಡಿದರು. ನೋಡದೆ ಏನು ಮಾಡಿಯಾರು? ಮೂವತ್ತಮೂರು ವರ್ಷ ಕಸ ಗುಡಿಸುವಾಗಲೂ, ಮುದ್ದೆ ತಿರುವುವಾಗಲೂ, ಮಗಳ ಧಾರೆಯ ಹೊತ್ತಿನಲ್ಲೂ ಎಡಗಣ್ಣಿಂದ ನೀರು ಸುರಿಸಿದವಳು ಈಕೆ. ಇವತ್ತು, ಅಳಲೇಬೇಕಾದ ದಿನ, ಅವಳ ಕೆನ್ನೆ ಒಣಗಿತ್ತು. ಮೂಗಿನ ಪಕ್ಕದಲ್ಲಿ ಹೊಲಿಗೆಯ ಗುರುತೊಂದು ಮಾತ್ರ ಕೆಂಪಗಿತ್ತು.

ಮಾದಪ್ಪನ ಅಕ್ಕ ಮಹದೇವಮ್ಮ ಒಳಗಿಟ್ಟುಕೊಳ್ಳುವ ಹೆಂಗಸಲ್ಲ.

"ನಗೋ ಹೆಂಗಸ್ನ ನಂಬಬಾರ್ದು ಅಂತಾರೆ. ಅಳೋ ಹೆಂಗಸ್ನೂ ನಂಬಬಾರ್ದು ಕಣ್ರವ್ವ. ನನ್ ತಮ್ಮ ಬದುಕಿದ್ದಾಗ ದಿನಾ ಅತ್ಲು. ಸತ್ತಾಗ ನೋಡ್ರವ್ವ, ಒಂದು ತೊಟ್ಟು ಇಲ್ಲ!"

ಮಗಳು ಮಾನಸ ಕಣ್ಣೊರೆಸಿಕೊಂಡು ತಿರುಗಿದಳು. "ಅತ್ತೆ, ಅವ್ವಂಗೆ ಆಪರೇಷನ್ ಆಗದೆ. ಕಣ್ಣೀರು ಈಗ ಈಚೆಗೆ ಬರಕಿಲ್ಲ. ಮೂಗಿನ ಒಳಕ್ಕೆ ಇಳೀತದೆ ಅಂತ ಡಾಕ್ಟ್ರೇ ಹೇಳವ್ರೆ."

"ದುಕ್ಕಕ್ಕೂ ಪೈಪು ಆಕ್ಸವ್ಳೇನವ್ವ ನಿಮ್ಮವ್ವ?"

ಯಾರೋ ನಗು ತಡೆದುಕೊಂಡು ಸೆರಗು ಬಾಯಿಗೆ ಒತ್ತಿಕೊಂಡರು. ಸಾವಿನ ಮನೆಯಲ್ಲಿ ಅಂಥ ನಗುವಿಗೇನೂ ಬರವಿಲ್ಲ. ಮಹದೇವಮ್ಮ ಹೇಳಿದ್ದರಲ್ಲಿ ಅರ್ಧ ನಿಜವೆಂಬುದು ವಿಶಾಲಮ್ಮನಿಗೆ ಗೊತ್ತಿತ್ತು.

*

ತಿ. ನರಸೀಪುರ ತಾಲ್ಲೂಕಿನ ಮೂಗೂರು ಅವಳ ತವರು. ಎಂಟು ವರ್ಷದವಳಿದ್ದಾಗ ಅಪ್ಪ ಅವಳನ್ನು ನರಸೀಪುರದ ಡಾಕ್ಟರಿಗೆ ತೋರಿಸಿದ್ದ. ಕಣ್ಣಿನ ನೀರು ಮೂಗಿಗೆ ಇಳಿಯುವ ನಾಳ ಕಟ್ಟಿಕೊಂಡಿದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಅವರು ಹೇಳಿದರು. ಮುಖದ ಮೇಲೆ ಗಾಯದ ಗುರುತು ಬಿದ್ದರೆ ಹುಡುಗಿಯನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಅಪ್ಪ ಬೇಡವೆಂದ. ಹೆಣ್ಣು ನೋಡುವ ದಿನ ಅವಳನ್ನು ಎಡಗಡೆ ಗೋಡೆಗೆ ಬರುವಂತೆ ಕೂರಿಸಿದರು. "ಕೇಳಿದ್ರೆ ತವರು ಬಿಡೋ ಸಂಕಟ ಅನ್ನು," ಎಂದು ಅವ್ವ ಕಿವಿಯಲ್ಲಿ ಹೇಳಿದಳು.

ಯಾರೂ ಕೇಳಲಿಲ್ಲ. ಕೇಳಿದ್ದು ಮಾದಪ್ಪ, ಮದುವೆಯಾಗಿ ವಾರ ಕಳೆದ ಮೇಲೆ. ಸೋದರಮಾವನಿಗೆ ಮಾತಾಗಿದ್ದ ಹುಡುಗಿ ಇವಳು ಎಂದು ಮೂಗೂರಿನ ಯಾವನೋ ಅವನ ಕಿವಿ ಊದಿದ್ದ.

"ಇಷ್ಟ ಇಲ್ದೇ ಬಂದಿದ್ದೀಯಾ?"

ಕಣ್ಣಿನ ಐಬು ತಿಳಿದರೆ ವಾಪಸು ಕಳಿಸಿಯಾರೆಂಬ ಭಯಕ್ಕೆ ಅವಳು ತಲೆ ತಗ್ಗಿಸಿ ಸುಮ್ಮನಾದಳು. ಅಷ್ಟೇ ಅವಳು ಮಾಡಿದ್ದು. ಸುಳ್ಳೇನೂ ಹೇಳಲಿಲ್ಲ.

ಆ ಬೀದಿಯಲ್ಲಿ ಹೆಂಡತಿಗೆ ಹೊಡೆಯದ ಗಂಡಸರನ್ನು ಒಂದೇ ಕೈಯ ಬೆರಳುಗಳಲ್ಲಿ ಎಣಿಸಬಹುದಿತ್ತು. ಮಾದಪ್ಪ ಹೊಡೆಯಲಿಲ್ಲ. ಹೊಡೆಯುವುದಿರಲಿ, ದನಿ ಎತ್ತಿದವನೂ ಅಲ್ಲ. ಸಾರಿಗೆ ಉಪ್ಪು ಜಾಸ್ತಿಯಾದರೆ ಅವಳ ಎಡಗೆನ್ನೆ ನೋಡಿ ನೀರು ಕುಡಿದು ಎದ್ದುಬಿಡುತ್ತಿದ್ದ. ಅಳುವವಳ ಮೇಲೆ ಹೇಗೆ ರೇಗಲಿ ಎಂದು ಅವನ ಅಳುಕು. ಈ ಅಳುಕಿನ ನೆರಳು ವಿಶಾಲಮ್ಮನಿಗೆ ತಂಪಾಗಿತ್ತು. ಎರಡು ವರ್ಷವಾದ ಮೇಲೆ ವಾಪಸು ಕಳಿಸುವ ಭಯ ಹೋಯಿತು, ಆದರೂ ಹೇಳಲಿಲ್ಲ. ಮಗಳು ಹುಟ್ಟಿದ ಮೇಲೂ ಹೇಳಲಿಲ್ಲ. ಹೇಳಿಬಿಟ್ಟರೆ ಇವನೂ ಎಲ್ಲರಂತೆ ಆದರೆ?

*

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ಹೋದ ತಿಂಗಳು ಅವಳ ಕಣ್ಣಿನ ಮೂಲೆ ನಿಂಬೆಕಾಯಿಯಂತೆ ಊದಿ, ಕೀವು ತುಂಬಿತು. ಮಾದಪ್ಪ ರಜೆ ಹಾಕಿ ಮೈಸೂರಿಗೆ ಕರೆದುಕೊಂಡು ಹೋದ.

"ನೀರು ಸೋರೋದು ಯಾವಾಗಿಂದ?" ಡಾಕ್ಟರಮ್ಮ ಕೇಳಿದರು.

ಮಾದಪ್ಪನೇ ಉತ್ತರ ಕೊಟ್ಟ. "ಮದ್ವೆ ಆದಾಗಿಂದ ಮೇಡಮ್ಮಾರೇ." ಆಮೇಲೆ ದನಿ ತಗ್ಗಿಸಿ, "ಮನ್ಸಿಗೆ ನೋವದೆ ಅವ್ಳಿಗೆ," ಎಂದ.

"ಮನಸ್ಸಿನ ನೋವಿಗೆ ಒಂದೇ ಕಣ್ಣಲ್ಲಿ ಅಳ್ತಾರಾ ಯಾರಾದ್ರೂ? ನಾಳ ಬ್ಲಾಕ್ ಆಗಿದೆ. ಏನಮ್ಮ, ಚಿಕ್ಕವಳಿದ್ದಾಗ ಯಾರಿಗೂ ತೋರಿಸಿರಲಿಲ್ವಾ?"

ಕಣ್ಣು ಸಿಡಿಯುತ್ತಿತ್ತು. ನೋವಿನಲ್ಲಿ ಮನುಷ್ಯರಿಗೆ ಸುಳ್ಳು ಜೋಡಿಸಲು ಬರುವುದಿಲ್ಲ. "ತೋರ್ಸಿದ್ರು," ಎಂದುಬಿಟ್ಟಳು ವಿಶಾಲಮ್ಮ. "ಎಂಟನೇ ವರ್ಸದಲ್ಲೇ. ನಾಳ ಕಟ್ಕಂಡದೆ ಅಂದಿದ್ರು."

ಮಾದಪ್ಪ ಅವಳ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಆಪರೇಷನ್ನಿನ ಒಪ್ಪಿಗೆ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಎಲ್ಲಿ ರುಜು ಮಾಡಬೇಕೆಂದು ಕೇಳಿದ.

ಮೊದಲು ಕೀವು ಇಳಿಯಲು ಮಾತ್ರೆ ಕೊಟ್ಟು, ಆಮೇಲೆ ಆಪರೇಷನ್ ಮಾಡಿದರು. ಮೂಗಿನ ಮೂಳೆಯಲ್ಲಿ ಹೊಸ ದಾರಿ ಮಾಡಿ, ಅದು ಮುಚ್ಚದಂತೆ ಎಳೆಯಂಥ ಕೊಳವೆ ಇಟ್ಟರು. ಮನೆಗೆ ಬಂದ ಮೇಲೆ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಔಷಧಿ ಬಿಟ್ಟವನು ಮಾದಪ್ಪನೇ. ತೊಟ್ಟು ಆಚೀಚೆ ಬೀಳದಂತೆ ಉಸಿರು ಬಿಗಿಹಿಡಿದು ಹಾಕುತ್ತಿದ್ದ. ಎರಡನೇ ದಿನ ಬೆಳಿಗ್ಗೆ ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೇಳಿದ:

"ಅಂಗಾದ್ರೆ ನೀನು ಯಾವತ್ತೂ ಅತ್ತೇ ಇಲ್ವಾ ವಿಶಾಲು?"

ಬೈದಿದ್ದರೆ ತಾಳಿಕೊಳ್ಳುತ್ತಿದ್ದಳು. ಇವನು ಬೈಯಲೇ ಇಲ್ಲ. ಅವಳು ಗೋಡೆಯ ಕಡೆ ಮಗ್ಗುಲಾದಳು. ಅವನು ಮತ್ತೆ ಕೇಳಲಿಲ್ಲ.

*

ಹನ್ನೊಂದು ಗಂಟೆಗೆ ಭಜನೆಯವರು ಬಂದು ಹೆಣದ ಎರಡೂ ಪಕ್ಕ ಕೂತರು. ಮೊದಲ ಪದ ಯಾಕೋ ಮೇಲೇಳಲಿಲ್ಲ. ಬೆಟ್ಟಸ್ವಾಮಿ ತಾಳ ಕೆಳಗಿಟ್ಟು, ಟವೆಲಿನಿಂದ ಮುಖ ಒರೆಸಿಕೊಂಡು ವಿಶಾಲಮ್ಮನ ಹತ್ತಿರ ಬಂದ. ಮಾದಪ್ಪನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ಅವನು.

"ಇವ್ನಂಥ ಗಂಟ್ಲು ನಮ್ಮಲ್ಲಿ ಯಾರ್ಗೂ ಇರ್ನಿಲ್ಲ ಕಣವ್ವ. ಬಜ್ನೆ ಯಾಕೆ ಬುಟ್ಟ ಅಂತ್ಲೂ ಬಾಯಿ ಬುಡ್ನಿಲ್ಲ ಇಪ್ಪತ್ತೈದು ವರ್ಸ. ಮೊನ್ನೆ ಸೋಮವಾರ ಗುಡಿತಾವ್ಕೆ ಬಂದಿದ್ದ, ಗೊತ್ತಾ?"

ವಿಶಾಲಮ್ಮ ಮೊದಲ ಸಲ ತಲೆ ಎತ್ತಿದಳು. "ಗೊತ್ತಿಲ್ಲ ಕಣಣ್ಣ."

"ಬಂದ. ಇನ್ಮೇಲೆ ಬರ್ಬೋದು ಕಣ್ಲಾ, ಮನೇಲಿ ಈಗ ಯಾರೂ ಅಳಕಿಲ್ಲ ಅಂದ. ಕೈಗೆ ತಾಳ ಕೊಟ್ಟೋ. ಒಂದು ಪದ ಎತ್ಕಂಡ, ಗಂಟ್ಲು ಮ್ಯಾಕ್ಕೆ ಓಗ್ನಿಲ್ಲ. ಇನ್ನೊಂದು ಎತ್ಕಂಡ, ಅದೂ ಆಗ್ನಿಲ್ಲ. ಮರ್ತೋಗದೆ ಬುಡ್ಲಾ ಅಂತ ನಕ್ಕೊಂಡು ಎದ್ದೋದ."

"ಕೋಪ ಇತ್ತಾ ಅಣ್ಣ ಅವ್ರಿಗೆ?"

"ಯಾರ್ ಮ್ಯಾಲೆ?" ಎಂದ ಬೆಟ್ಟಸ್ವಾಮಿ, ಅರ್ಥವಾಗದೆ.

ಇಪ್ಪತ್ತೈದು ವರ್ಷದ ಹಿಂದೆ ಮಾದಪ್ಪ ಭಜನೆ ಬಿಟ್ಟ ಸೋಮವಾರ ವಿಶಾಲಮ್ಮನಿಗೆ ನಿನ್ನೆಯಷ್ಟು ಚೆನ್ನಾಗಿ ನೆನಪಿತ್ತು. ಅವಳು ಒಲೆ ಹೊಗೆಗೆ ಕಣ್ಣು ಸೋರಿಸಿಕೊಂಡು ಕೂತಿದ್ದಾಗ ಅವನು ಬಾಗಿಲಲ್ಲಿ ನಿಂತು ನೋಡಿದ್ದ. ತನ್ನ ತಾಳ ಎತ್ತಿಕೊಂಡು ಹೋಗಿ ಬೆಟ್ಟಸ್ವಾಮಿಗೆ ಕೊಟ್ಟು ಬಂದು, "ಅಳ್ಬೇಡ, ಇನ್ಮೇಲೆ ನಿನ್ನ ಒಬ್ಳನ್ನೇ ಬುಟ್ಟು ಎಲ್ಲೂ ಓಗಲ್ಲ," ಎಂದಿದ್ದ. ಅವನ ಹಾಡೆಂದರೆ ಅವಳಿಗೆ ಪ್ರಾಣ. ಗುಡಿಯಿಂದ ಅವನ ದನಿ ಕೇಳಿಸಲೆಂದೇ ಹಿಂಬಾಗಿಲು ತೆರೆದಿಟ್ಟು ಮುದ್ದೆ ತಿರುವುತ್ತಿದ್ದಳು. ಆ ಸಂಜೆ ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನಿಗೆ ಮುಖ ಒತ್ತಿ ಅತ್ತಳು. ಎರಡೂ ಕಣ್ಣಲ್ಲಿ ಅತ್ತಳು. ಅವನು ಬಂದು ನೋಡಿದ. ದಿನದ ಅಳುವೇ ಎಂದುಕೊಂಡು ಹೋದ. ಒಂದು ಮಾತು ಸಾಕಿತ್ತು ಆವತ್ತು.

*

ಹೊಲದ ಮೂಲೆಯಲ್ಲಿ ಗುಂಡಿ ತೋಡಿದ್ದರು. ಪಕ್ಕದಲ್ಲಿ ಉಪ್ಪಿನ ಮೂಟೆ, ವಿಭೂತಿ, ಬಿಲ್ವಪತ್ರೆ. ಮಾದಪ್ಪನನ್ನು ಅಂಚಿನಲ್ಲಿ ಇಳಿಸಿ ಕೂರಿಸಿದಾಗ, ಮಣ್ಣು ಮಾಡಿಸಲು ಬಂದಿದ್ದ ಅಯ್ಯನವರು, "ಮುಖ ನೋಡೋರು ನೋಡ್ಬುಡಿ, ಹೊತ್ತಾಯ್ತು," ಎಂದರು.

ಮಾನಸ ತಾಯಿಯ ತೋಳು ಹಿಡಿದುಕೊಂಡೇ ಬಂದಳು. "ಬಗ್ಬೇಡ ಅವ್ವ, ಗಾಯ ಇನ್ನೂ ಹಸಿ ಅದೆ. ನಿಂತ್ಕಂಡೇ ಕೈ ಮುಗಿ."

ವಿಶಾಲಮ್ಮ ತೋಳು ಕೊಸರಿಕೊಂಡು ಮಂಡಿಯೂರಿದಳು. ಕಣ್ಣು ಉರಿಯುತ್ತಿತ್ತು. ಎಡಗಣ್ಣಿನ ನೀರು ಒಳಗೊಳಗೇ ಇಳಿದು ಗಂಟಲೆಲ್ಲ ಉಪ್ಪಾಗಿತ್ತು, ಬಲಗಣ್ಣು ರಾತ್ರಿಯೇ ಬತ್ತಿಹೋಗಿತ್ತು, ಕೆನ್ನೆಯ ಮೇಲೆ ಏನೂ ಇರಲಿಲ್ಲ. ಸುತ್ತ ನಿಂತ ಊರು ಅದನ್ನೇ ನೋಡುತ್ತಿತ್ತು. ಅವಳು ಗಂಡನ ಕಿವಿಗೆ ಬಾಯಿ ತಂದಳು. ಕಿವಿಗೆ ಹತ್ತಿ ತುರುಕಿದ್ದರು.

ಅವಳು ಎರಡು ಬೆರಳಿನಿಂದ ಆ ಹತ್ತಿಯನ್ನು ಕಿತ್ತಳು.

"ಅಯ್ಯೋ! ಏನ್ ಮಾಡ್ತಾ ಇದ್ದೀಯೇ!" ಮಹದೇವಮ್ಮ ಕೂಗಿದಳು. "ಹಿಡ್ಕಳ್ರೋ ಅವ್ಳ!"

"ಅತ್ತಿದ್ದೀನಿ ಕಣ್ರೀ," ಎಂದಳು ವಿಶಾಲಮ್ಮ ಅವನ ಕಿವಿಯಲ್ಲಿ. "ನೀವು ತಾಳ ಕೊಟ್ಟು ಬಂದ ದಿವ್ಸ ಅತ್ತಿದ್ದೀನಿ. ನಿಮ್ಗೋಸ್ಕರವೇ ಅತ್ತೆ."

ಇಬ್ಬರು ಹೆಂಗಸರು ರಟ್ಟೆ ಹಿಡಿದು ಅವಳನ್ನು ಹಿಂದಕ್ಕೆಳೆದರು. ಮಹದೇವಮ್ಮ ಅವಳ ಮುಷ್ಟಿ ಬಿಡಿಸಲು ನೋಡಿದಳು, ಬೆರಳು ಬಿಚ್ಚಲಿಲ್ಲ.

"ಹತ್ತಿ ಕೊಡವ್ವ, ಅದ್ನ ಇಡ್ಬೇಕು," ಎಂದರು ಅಯ್ಯನವರು.

ಅವಳು ಮುಷ್ಟಿಯನ್ನು ಎದೆಗೆ ಒತ್ತಿಕೊಂಡಳು. ಅಯ್ಯನವರು ಬಿಸಿಲು ನೋಡಿದರು, ಬೆಟ್ಟಸ್ವಾಮಿಯನ್ನು ನೋಡಿದರು, ಆಮೇಲೆ ಕೈಸನ್ನೆ ಮಾಡಿದರು. ನಾಲ್ವರು ಮಾದಪ್ಪನನ್ನು ಎತ್ತಿ ಒಂದು ಕಿವಿ ತೆರೆದಿರುವಂತೆಯೇ ಗುಂಡಿಗೆ ಇಳಿಸಿ, ಅವನ ಸುತ್ತ ಉಪ್ಪು ಸುರಿಯತೊಡಗಿದರು.