ಬಾಲ್ಕನಿಯ ಸಾಹುಕಾರ

ನಾನು ಒಂದು ಮೈನಾ. ನಿಮ್ಮ ಕಾಂಪೌಂಡಿನ ಮೇಲೆ ಕೂತು ಜಗಳವಾಡುವ ಕಂದು ಗೊರವಂಕ ಅಂದುಕೊಳ್ಳಬೇಡಿ. ನಾನು ಬೆಟ್ಟದ ಮೈನಾ. ಕರಿ ಮೈ, ಕಿತ್ತಳೆ ಕೊಕ್ಕು, ಕಣ್ಣ ಹಿಂದಿನಿಂದ ಜೋತುಬಿದ್ದ ಹಳದಿ ಚರ್ಮದ ಪಟ್ಟಿ, ಬಂಗಾರ ತೂಗಿಹಾಕಿಕೊಂಡ ಸಾಹುಕಾರನ ಹಾಗೆ. ಕೇಳಿದ್ದನ್ನು ಕೇಳಿದ ದನಿಯಲ್ಲೇ ಹೇಳುವುದು ನನ್ನ ಕಸುಬು. ಗಿಳಿ ಮಾತಾಡಿದರೆ ಜನ ಗಿಳಿಯನ್ನು ನೋಡುತ್ತಾರೆ. ನಾನು ಮಾತಾಡಿದರೆ ಯಾರು ಬಂದರು ಅಂತ ಬಾಗಿಲ ಕಡೆ ನೋಡುತ್ತಾರೆ. ಎಂಟ್ರಿ ಅಂದರೆ ಅದು.

ಥಾಯ್ಲೆಂಡಿನ ದಕ್ಷಿಣದಲ್ಲಿ, ಹಕ್ಕಿ ಸಾಕುವವನೊಬ್ಬನ ಶೆಡ್ಡಿನಲ್ಲಿ, ಟೊಳ್ಳು ಮರದ ತುಂಡಿನೊಳಗೆ ಮೊಟ್ಟೆ ಒಡೆದು ಬಂದೆ. ಕಣ್ಣು ಬಿಡುವಷ್ಟರಲ್ಲಿ ಕಾಲಿಗೆ ಉಂಗುರ ತೊಡಿಸಿದ್ದರು. ಪುಕ್ಕ ಬಲಿಯುವ ಮೊದಲೇ ಹುವಾಹಿನ್ ಎಂಬ ಕಡಲೂರಿಗೆ ಹೋದೆ. ಅಲ್ಲಿ ನನ್ನನ್ನು ಕೊಂಡವನು ವಿಲ್ಲೆಮ್, ಹಾಲೆಂಡಿನ ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದ ಮುದುಕ. ಅವನ ಜೊತೆ ಪ್ರಸಿತ್ ಎಂಬ ಥಾಯ್ ಗಂಡಸು. ಇಬ್ಬರೂ ತಲೆ ನರೆಯುವವರೆಗೆ ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಪೇಪರನ್ನು ಹಂಚಿಕೊಂಡು ಓದಿದವರು. ಬೆಳಿಗ್ಗೆ ವಿಲ್ಲೆಮ್ ಕೆಮ್ಮುತ್ತಿದ್ದ, ಪ್ರಸಿತ್ ಬಿಸಿನೀರು ತರುತ್ತಿದ್ದ. ನಾನು ಕೆಮ್ಮಿದರೂ ತರುತ್ತಿದ್ದ. ಆ ಚೇಷ್ಟೆ ನನಗೆ ಬಹಳ ಇಷ್ಟವಾಗಿತ್ತು.

ಒಂದು ಮುಂಜಾನೆ ವಿಲ್ಲೆಮ್ ನಾನೆಂದೂ ಕೇಳದ ರೀತಿಯಲ್ಲಿ ಒಮ್ಮೆ ಕೆಮ್ಮಿದ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ "ನೀವು ಅವರಿಗೆ ಏನಾಗಬೇಕು?" ಅಂತ ಕೇಳಿದರಂತೆ. ಪ್ರಸಿತ್ "ಗೆಳೆಯ" ಅಂದ. ಗೆಳೆಯರು ಹೊರಗೆ ಕೂರಬೇಕು ಅಂದರು. ಹೊರಗೇ ಕೂತ. ಒಳಗೆ ಜೀವ ಹೋದದ್ದೂ ಅವನಿಗೆ ತಡವಾಗಿ ತಿಳಿಯಿತು.

ಆಮೇಲೆ ಹಾಲೆಂಡಿನಿಂದ ವಿಲ್ಲೆಮ್‌ನ ಅಣ್ಣನ ಮಗ ಬಂದ. ಕೆಟ್ಟವನೇನಲ್ಲ, ಬಹಳ ಮರ್ಯಾದೆಯಿಂದಲೇ ಬೀಗ ಬದಲಾಯಿಸಿದ. ಮನೆಯ ಕಾಗದಗಳಲ್ಲಿ ಪ್ರಸಿತ್ ಎಲ್ಲೂ ಇರಲಿಲ್ಲ. ಒಂದು ಚೀಲ ಮತ್ತು ನನ್ನ ಪಂಜರ ಹಿಡಿದು ಅವನು ಗೇಟಿನ ಹೊರಗೆ ನಿಂತಿದ್ದ. ನಗಿಸೋಣ ಅಂತ ನಾನು ವಿಲ್ಲೆಮ್‌ನ ದನಿಯಲ್ಲಿ, ಅವನ ದಿನದಿನದ ಹಳೆಯ ಕೆಮ್ಮು ಕೆಮ್ಮಿದೆ. ಪ್ರಸಿತ್ ರಸ್ತೆಯಲ್ಲೇ ಕುಸಿದು ಕೂತ. ಎಲ್ಲ ದನಿಯನ್ನೂ ಎಲ್ಲ ಹೊತ್ತಿನಲ್ಲೂ ಹೊರಗೆ ಬಿಡಬಾರದು ಅಂತ ನನಗೆ ಅವತ್ತೇ ತಿಳಿಯಿತು.

ಅವನನ್ನು ಕರೆದೊಯ್ಯಲು ವ್ಯಾನ್ ತಂದವನು ಬೂನ್. ಉತ್ತರದ ಲಂಪಾಂಗ್ ಊರಿನವನು, ಬ್ಯಾಂಕಾಕಿನಲ್ಲಿ ಟೂರಿಸ್ಟ್ ವ್ಯಾನ್ ಓಡಿಸುತ್ತಿದ್ದ. ಮಾತು ಕಡಿಮೆ, ನೋಟ ಜಾಸ್ತಿ. ಪ್ರಸಿತ್‌ನ ಹೊಸ ಕೋಣೆಯಲ್ಲಿ ಹಕ್ಕಿ ಸಾಕಲು ಬಿಡುವುದಿಲ್ಲವೆಂದು ತಿಳಿದಾಗ ಬೂನ್ ಪಂಜರವನ್ನು ಮುಂದಿನ ಸೀಟಿನಲ್ಲಿಟ್ಟು ಬೆಲ್ಟ್ ಹಾಕಿದ. ಗೇಟಿನ ಹೊರಗೆ ಕಂಡದ್ದನ್ನು ಅವನು ಮರೆಯಲಿಲ್ಲ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಇನ್ನು ನಮ್ಮ ಹೀರೋ. ಹರಪನಹಳ್ಳಿಯ ಕೊಟ್ರೇಶ. ಟಾಕೀಸಿನ ಗಾಂಧಿ ಕ್ಲಾಸಿನಲ್ಲಿ ಸೀಟಿ ಹೊಡೆದು ಬೆಳೆದವನು, ಈಗ ಬ್ಯಾಂಕಾಕಿನಲ್ಲಿ ಕರ್ನಾಟಕದ ಟೂರು ತಂಡಗಳಿಗೆ ಗೈಡ್. ಮೈಕ್ ಕೈಗೆ ಸಿಕ್ಕರೆ ಸಾಕು, "ನಾನು ಬಾಗಿಲು ತಟ್ಟೋನಲ್ಲ ಅಮ್ಮೋರೇ, ಬಾಗಿಲೇ ನನ್ನ ಹೆಸರು ಕೂಗ್ತೈತಿ" ಅಂತ ಶುರು. ಬೂನ್‌ಗೆ ಒಂದಕ್ಷರ ತಿಳಿಯದಿದ್ದರೂ ಕನ್ನಡಿಯಲ್ಲಿ ಅವನನ್ನೇ ನೋಡುತ್ತಾ ವ್ಯಾನ್ ಓಡಿಸುತ್ತಿದ್ದ. ಒಂದು ಮಳೆಗಾಲದಲ್ಲಿ ಕೊಟ್ರೇಶ ಟ್ರಂಕಿನೊಂದಿಗೆ ನಮ್ಮ ಫ್ಲಾಟಿಗೆ ಬಂದ. ನನ್ನನ್ನು ಕಂಡು "ಏನಲೇ ಸಾಹುಕಾರ" ಅಂದ. ಅದೇ ನನ್ನ ಹೆಸರಾಯಿತು. ಅವನ ಬಾಯಿಂದ ಇಬ್ಬರೂ ಕನ್ನಡ ಕಲಿತೆವು. ಬೂನ್ ಊಟದ ಮಾತು ಕಲಿತ. ನಾನು ಪಂಚಿಂಗ್ ಡೈಲಾಗ್ ಕಲಿತೆ.

ನಮ್ಮ ಹೀರೋಗೆ ಒಂದು ಡೈಲಾಗ್ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ದಿನಾ ಸಂಜೆ ಊರಿನಲ್ಲಿರುವ ಅವ್ವನಿಗೆ ಫೋನ್ ಮಾಡುತ್ತಿದ್ದ. ಹುಣಸೆಹಣ್ಣಿನಿಂದ ಹಿಡಿದು ಮಠದ ಸ್ವಾಮಿಗಳವರೆಗೆ ಮಾತು. ಅವ್ವ ಫೋನ್ ಇಟ್ಟ ಮೇಲೆ ಕತ್ತಲಾದ ಪರದೆಯನ್ನು ಮುಖದ ಮುಂದೆ ಹಿಡಿದು ಮೆಲ್ಲಗೆ ಹೇಳುತ್ತಿದ್ದ: "ಅವ್ವಾ, ಬೂನ್ ಬರೇ ಡ್ರೈವರ್ ಅಲ್ಲ. ನನ್ನ ಮನ್ಯಾವ. ನಾವಿಬ್ರೂ ಮದುವಿ ಆಗಾವ್ರದೀವಿ." ದಿನಾ ಇದೇ ರಿಹರ್ಸಲ್. ಶೂಟಿಂಗ್ ಒಂದು ದಿನವೂ ಇಲ್ಲ. ನನಗೆ ಬಾಯಿಪಾಠವಾಯಿತು.

ಆ ವರ್ಷ ಥಾಯ್ಲೆಂಡಿನಲ್ಲಿ ಇಬ್ಬರು ಗಂಡಸರೂ ಮದುವೆ ನೋಂದಾಯಿಸಬಹುದು ಎಂಬ ಕಾನೂನು ಬಂದಿತ್ತು. ಬೂನ್‌ನ ತಾಯಿ ಲಂಪಾಂಗ್‌ನಿಂದ ಯಾವತ್ತು ಅಂತ ಕೇಳುತ್ತಲೇ ಇದ್ದಳು. ಕೊಟ್ರೇಶ "ಅವ್ವಗ ಹೇಳದ ಸಹಿ ಹಾಕಾಂಗಿಲ್ಲ" ಅನ್ನುತ್ತಿದ್ದ. ಹೇಳುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಅವ್ವನೇ ಹೊರಟಳು. ಹಾಲಮ್ಮ, ಟೂರು ತಂಡವೊಂದರ ಜೊತೆ ಬಂದು, ಒಂದು ತಿಂಗಳು ಮಗನ ಹತ್ತಿರ ಇದ್ದು ಹೋಗುವುದೆಂದು ತೀರ್ಮಾನವಾಯಿತು.

ಆ ವಾರ ನಮ್ಮ ಫ್ಲಾಟಿನ ಸೆಟ್ಟೇ ಬದಲಾಯಿತು. ಗೋಡೆಯ ಫೋಟೋ ಇಳಿಯಿತು. ಬೂನ್‌ನ ಬಟ್ಟೆ ಬೀರುವಿನಿಂದ ಚೀಲಕ್ಕೆ ಹೋಯಿತು. ಅವನ ಹಾಸಿಗೆ ನಡುಮನೆಯ ಚಾಪೆಯಾಯಿತು. ಬೂನ್ ಎಲ್ಲವನ್ನೂ ತಾನೇ ಎತ್ತಿಟ್ಟ. ಕೊನೆಗೆ ಆ ಚೀಲದ ಜಿಪ್ ಎಳೆದು ತನ್ನ ಕನ್ನಡದಲ್ಲಿ ಹೇಳಿದ:

"ಕೊಟ್ರ, ನಾನು ಪ್ರಸಿತ್ ಆಗೋದಿಲ್ಲ. ಈ ಸಲ ಹೇಳು. ಅವ್ವ ವಿಮಾನ ಹತ್ತುವಾಗ ನೀನು ಹೇಳಿಲ್ಲ ಅಂದ್ರೆ, ನಾನು ಲಂಪಾಂಗ್ ಬಸ್ ಹತ್ತೋದು. ಹಕ್ಕಿ ನನ್ನದು, ಅದೂ ಬರ್ತದೆ."

ದನಿ ಏರಲಿಲ್ಲ. ಏರಿದ್ದರೆ ಕೊಟ್ರೇಶ ಇಷ್ಟು ಹೆದರುತ್ತಿರಲಿಲ್ಲ.

ಹಾಲಮ್ಮ ಬಂದಳು. ಹಣೆ ತುಂಬ ವಿಭೂತಿ, ಚೀಲ ತುಂಬ ಜೋಳದ ಹಿಟ್ಟು. ನಾನು ಬಾಗಿಲಿನ ಡೈಲಾಗ್ ಹೊಡೆದೆ. "ಅಯ್ಯ ಇದ್ರ, ಥೇಟ್ ನನ್ನ ಮಗನಂಗ ಹಲ್ಕಾ ಮಾತಾಡ್ತೈತಲ್ಲ" ಅಂತ ನಕ್ಕಳು. ನನ್ನ ಮಾತು ಥೇಟ್ ಮಗನ ಮಾತು ಅನ್ನುವುದು ಕೊಟ್ರೇಶನಿಗೆ ಆಗ ಹೊಳೆಯಿತು. ಅವನ ಮುಖದ ರಕ್ತ ಇಳಿದದ್ದನ್ನು ನಾನು ಪಂಜರದೊಳಗಿಂದಲೇ ನೋಡಿದೆ.

ಅವತ್ತಿನಿಂದ ನನ್ನ ಮೇಲೆ ಟವೆಲ್ ಬಿತ್ತು. ಆದರೆ ನನ್ನಂಥವನಿಗೆ ಎದುರು ಪ್ರೇಕ್ಷಕರಿದ್ದಾಗ ಗಂಟಲು ಕೆರೆಯುತ್ತದೆ. ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ರೊಟ್ಟಿ ತಿನ್ನುತ್ತಿದ್ದಾಗ ಟವೆಲಿನ ಸಂದಿಯಿಂದ ಶುರು ಮಾಡಿಯೇಬಿಟ್ಟೆ.

"ಅವ್ವಾ, ಬೂನ್ ಬರೇ..."

ಕೊಟ್ರೇಶ ಹಾರಿ ಮಿಕ್ಸಿಯ ಗುಂಡಿ ತಿರುಗಿಸಿದ. ಮನೆಯೆಲ್ಲ ಗರ್ರೆಂದಿತು. ನನ್ನ ಮಾತು ಅದರಲ್ಲಿ ಮುಳುಗಿತು. ಬೂನ್ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಖಾಲಿ ಜಾರ್ ಯಾಕ ತಿರುಗ್ಸಾಕತ್ತೀ?" ಹಾಲಮ್ಮ ಕೇಳಿದಳು.

"ಕೆಟ್ಟೈತೇನೋ ಅಂತ ನೋಡಾಕತ್ತಿದ್ನೆವ್ವಾ."

"ಮಿಕ್ಸಿ ಚಲೋ ಐತಿ. ನೀನ ಕೆಟ್ಟಂಗ ಕಾಣ್ತಿ. ಆ ಹಕ್ಕಿ ಏನೋ ಅಂತಿತ್ತಲ್ಲ?"

"ಹಸಿವಾಗೈತಿ ಅಂತ."

ಆಮೇಲೆ ಅವನು ಪಂಜರವನ್ನು ನಡುಮನೆಯಿಂದ ಬಾಲ್ಕನಿಗೆ ಸಾಗಿಸಿದ. ಗಾಂಧಿ ಕ್ಲಾಸಿನ ಡೈಲಾಗ್ ಹೊಡೆಯುವ ನನಗೆ ಬಾಲ್ಕನಿ ಸೀಟು. ಹೀರೋ ಮಾಡಿದ ದೊಡ್ಡ ತಪ್ಪು ಅದೇ. ಹಾಲಮ್ಮ ದಿನಾ ಮುಂಜಾನೆ ಸ್ನಾನ ಮಾಡಿ, ಮೂಡಣ ದಿಕ್ಕಿಗೆ ಮುಖ ಮಾಡಿ ಕೂತು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದುದು ಆ ಬಾಲ್ಕನಿಯಲ್ಲಿ. ಅವರಿಬ್ಬರೂ ತಂಡ ಕರೆದುಕೊಂಡು ವ್ಯಾನ್ ಹತ್ತಿದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಅವಳು ಮತ್ತು ನಾನು. ಗಾಳಿಗೆ ಟವೆಲ್ ಹಾರಿಹೋಗಿತ್ತು. ಪೂಜೆ ಮುಗಿಯುವ ಹೊತ್ತಿಗೆ ನಾನು ಪೂರ್ತಿ ಹೇಳಿದೆ.

"ಅವ್ವಾ, ಬೂನ್ ಬರೇ ಡ್ರೈವರ್ ಅಲ್ಲ. ನನ್ನ ಮನ್ಯಾವ. ನಾವಿಬ್ರೂ ಮದುವಿ ಆಗಾವ್ರದೀವಿ."

"ಕೊಟ್ರಾ?" ಅಂತ ಅವಳು ಮನೆಯೊಳಗೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ನನ್ನತ್ತ ನೋಡಿದಳು. ದಡ್ಡ ನಾನು, ಒನ್ಸ್ ಮೋರ್ ಕೇಳಿದರೆಂದು ಮತ್ತೊಮ್ಮೆ ಹೇಳಿದೆ. ಬಿಸಿಲು ಮೈಮೇಲೆ ಬಂದು ಹೋಗುವವರೆಗೂ ಅವಳು ಏಳಲಿಲ್ಲ. ಅವತ್ತು ಮಧ್ಯಾಹ್ನ ಒಲೆ ಹಚ್ಚಲಿಲ್ಲ.

ಸಂಜೆ ಇಬ್ಬರಿಗೂ ರೊಟ್ಟಿ ಬಡಿದು ಹಾಕಿದಳು. ಏನೂ ಕೇಳಲಿಲ್ಲ. ಕೊಟ್ರೇಶ ಇವತ್ತು ಹೇಳಲೋ ನಾಳೆ ಹೇಳಲೋ ಅಂತ ಬೆವರುತ್ತಿದ್ದ. ಗೊತ್ತಿರುವವಳ ಮುಂದೆ ಗೊತ್ತಾಗದಂತೆ ಬೆವರುವುದನ್ನು ನೋಡುವುದು ಯಾವ ಸಸ್ಪೆನ್ಸಿಗಿಂತ ಕಡಿಮೆ?

ಮರುದಿನ ಪೂಜೆಯಾದ ಮೇಲೆ ಹಾಲಮ್ಮ ನನ್ನ ಕಡೆ ತಿರುಗಿ ಕೂತಳು. ನಾನೇ ಅವಳ ಮಗ ಅನ್ನುವ ಹಾಗೆ. "ನೀ ನನ್ನ ಪಾಲಿಗೆ ಸತ್ತಿ ಅನ್ಕೋತೀನಿ ಕೊಟ್ರಾ" ಅಂದಳು. ಅಂದವಳೇ ಸೆರಗಿನಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಳು. ಅದನ್ನು ಮತ್ತೆಂದೂ ಹೇಳಲಿಲ್ಲ. ಆಮೇಲೆ ಕೆಲವು ದಿನ ಬೆಳಿಗ್ಗೆ, "ಊರಾಗ ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ?" ಅಂತ ನನ್ನನ್ನು ಕೇಳಿದಳು. ಕಡಲೆ ಕೊಟ್ಟಳು, ತಿಂದೆ. ಮಗ ರಿಹರ್ಸಲ್ ಮಾಡಿದ ಹಾಗೆಯೇ ಅವ್ವನೂ ಮಾಡುತ್ತಿದ್ದಳು. ಸಂಜೆ ಅವನೆದುರು ಬಾಯಿ ತೆರೆದರೆ "ಉಪ್ಪು ಸರಿ ಐತೇನು?" ಅಂತಲೇ ಬರುತ್ತಿತ್ತು.

ಒಂದು ಭಾನುವಾರ ದಾವಣಗೆರೆಯಿಂದ ಬಂದಿದ್ದ ದಂಪತಿ ಊಟಕ್ಕೆ ಬಂದರು. ಬೂನ್‌ನನ್ನು ನೋಡಿ "ಇವ್ರು ಯಾರು?" ಅಂತ ಕೇಳಿದರು. ಕೊಟ್ರೇಶ ನಗುನಗುತ್ತಾ, "ನಮ್ಮ ಡ್ರೈವರ್ ರೀ" ಅಂದ. ಬೂನ್ ತಲೆಬಾಗಿ ಕೈಮುಗಿದು, ತಟ್ಟೆ ತೆಗೆದುಕೊಂಡು ಕೆಳಗಿಳಿದು ಹೋದ. ಬಾಲ್ಕನಿಯಿಂದ ನನಗೆ ಕಾಣುತ್ತಿತ್ತು, ಅವನು ವ್ಯಾನಿನ ಬಾಗಿಲು ತೆರೆದು ಅಲ್ಲೇ ಕೂತು ಉಣ್ಣುತ್ತಿದ್ದ. ಪಲ್ಯದ ಬಟ್ಟಲು ಹಿಡಿದ ಹಾಲಮ್ಮ ಅವನನ್ನು ಹುಡುಕುತ್ತಾ ಬಾಲ್ಕನಿಗೆ ಬಂದಳು. ಬಗ್ಗಿ ನೋಡಿದಳು. ಅವಳಿಗೂ ಕಂಡಿತು.

ಮರುದಿನದ ಮಾತು ಬೇರೆಯಾಗಿತ್ತು. "ಕೊಟ್ರಾ, ನನಗ ಸಿಟ್ಟೈತಿ. ಸಿಟ್ಟು ಇಳ್ಯಾಕ ಟೈಮ್ ಬೇಕು. ಆದ್ರ ಮನಿ ಮನುಷ್ಯಾನ್ನ ಡ್ರೈವರ್ ಅನ್ನಬ್ಯಾಡ." ಹೊರಡುವ ದಿನದವರೆಗೂ ಅವಳು ಈ ಮಾತನ್ನು ಬಿಡಲಿಲ್ಲ. ಬಟ್ಟೆ ಒಣಹಾಕುತ್ತಾ ಹೇಳಿದಳು, ಮೆಣಸಿನಕಾಯಿ ತೊಟ್ಟು ತೆಗೆಯುತ್ತಾ ಹೇಳಿದಳು. ಮಗನಿಗೆ ಒಮ್ಮೆಯೂ ಹೇಳಲಿಲ್ಲ.

ಹೊರಡುವ ದಿನ ಬಂತು. ಬೂನ್ ವ್ಯಾನಿನ ಹಿಂದುಗಡೆ ಮೊದಲು ಅವ್ವನ ಸೂಟ್‌ಕೇಸ್ ಇಟ್ಟ. ಆಮೇಲೆ ತನ್ನ ಚೀಲ. ಆಮೇಲೆ ನನ್ನ ಪಂಜರ. ಕೊಟ್ರೇಶ ಅದನ್ನು ನೋಡುತ್ತಾ ನಿಂತ.

"ಹಕ್ಕಿ ಯಾಕ ಬಂತು?" ಹಾಲಮ್ಮ ಕೇಳಿದಳು.

"ಊರಿಗೆ, ಅವ್ವ" ಅಂದ ಬೂನ್. "ನಾನೂ ಊರಿಗೆ."

ಅವಳು ಆ ಚೀಲವನ್ನು ನೋಡಿದಳು, ಮಗನ ಮುಖ ನೋಡಿದಳು, ಸೀಟಿನಲ್ಲಿ ಕೂತಳು. ಮೈಕ್ ಸಿಕ್ಕರೆ ಸುಮ್ಮನಿರದ ಗೈಡ್ ಪೂರ್ತಿ ದಾರಿ ಉಸಿರೆತ್ತಲಿಲ್ಲ. ಸಿಗ್ನಲ್ ಬಿದ್ದಾಗಲೆಲ್ಲ ಅವನ ಬಾಯಿ ತೆರೆಯುತ್ತಿತ್ತು. ಹಸಿರಾದಾಗ ಮುಚ್ಚುತ್ತಿತ್ತು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಹೆಚ್ಚು ಹೊತ್ತು ನಿಲ್ಲಲು ಬಿಡುವುದಿಲ್ಲ. ಕಾವಲಿನವನು ಸೀಟಿ ಊದುತ್ತಿದ್ದ. ಬೂನ್ ಸೂಟ್‌ಕೇಸ್ ಇಳಿಸಿ ಕೈಮುಗಿದ. ಹಿಂದಿನ ಬಾಗಿಲು ತೆರೆದೇ ಇತ್ತು.

"ಅವ್ವಾ..." ಅಂದ ಕೊಟ್ರೇಶ.

"ಏನಪಾ?"

"ಬೂನ್..."

"ಹ್ಞೂಂ, ಬೂನ್?"

"ಪಾಸ್‌ಪೋರ್ಟ್ ಇಟ್ಕೊಂಡಿಯಿಲ್ಲವ್ವಾ?"

ಬೂನ್ ಹಿಂದಿನ ಬಾಗಿಲಿಗೆ ಕೈ ಹಾಕಿದ. ಅದು ಮುಚ್ಚಿದರೆ ಕಥೆ ಮುಗಿಯಿತು. ನನ್ನ ಗಂಟಲಲ್ಲಿ ಹಾಲಮ್ಮನ ಮೂರೂ ಮಾತಿದ್ದವು. ಒಂದು ಬಂದರೆ ಸಾವು, ಇನ್ನೊಂದು ಬಂದರೆ ಅವಮಾನ. ಆದರೆ ಮೈನಾ ಹೆಚ್ಚು ಸಲ ಕೇಳಿದ್ದನ್ನೇ ಹೇಳುತ್ತದೆ, ಎಲ್ಲರಿಗೂ ಗೊತ್ತಿರುವ ವಿಷಯ.

"ಕೊಟ್ರಾ, ನನಗ ಸಿಟ್ಟೈತಿ" ಅಂದೆ, ಹಾಲಮ್ಮನ ದನಿಯಲ್ಲಿ. "ಸಿಟ್ಟು ಇಳ್ಯಾಕ ಟೈಮ್ ಬೇಕು. ಆದ್ರ ಮನಿ ಮನುಷ್ಯಾನ್ನ ಡ್ರೈವರ್ ಅನ್ನಬ್ಯಾಡ."

ಕೊಟ್ರೇಶ ಅವ್ವನ ತುಟಿ ನೋಡಿದ. ಅದು ಅಲುಗಿರಲಿಲ್ಲ.

"ಕರಿ ಮುಂಡೇದು, ನನ್ನ ಮಾತು ಕದ್ದೈತಿ" ಅಂದಳು ಹಾಲಮ್ಮ.

"ಅವ್ವಾ, ನಿನಗ ಹೆಂಗ..."

"ನೀನ ಹೇಳಿದ್ದಿ. ಬಾಲ್ಕನ್ಯಾಗ, ನಿನ್ನ ದನಿಯಾಗ. ಹಕ್ಕಿ ಬಾಯಿಂದ ಕೇಳಿದ್ದು ಲೆಕ್ಕಕ್ಕಿಲ್ಲ. ನಿನ್ನ ಬಾಯಿಂದ ಹೇಳು. ಅವ ನಿಂತಾನ, ಅವನೂ ಕೇಳ್ಲಿ."

ಕಾವಲಿನವನು ಹತ್ತಿರ ಬಂದು ಸೀಟಿ ಊದಿದ. ಕೊಟ್ರೇಶ ಡೈಲಾಗ್ ಮರೆತ. ಅಷ್ಟು ವರ್ಷದ ರಿಹರ್ಸಲ್ ಒಂದೂ ಬಾಯಿಗೆ ಬರಲಿಲ್ಲ.

"ಇವ ಹೋದ್ರ ನನಗ ಮನಿ ಇಲ್ಲವ್ವಾ" ಅಂದ. ಅಷ್ಟೇ.

ಅದು ನಾನು ಕೇಳದ ಲೈನು.

ಹಾಲಮ್ಮ ತಬ್ಬಿಕೊಳ್ಳಲಿಲ್ಲ. ಆಶೀರ್ವಾದದ ಮಾತೂ ಇಲ್ಲ. ವ್ಯಾನಿನ ಹಿಂದೆ ಹೋಗಿ ಬೂನ್‌ನ ಚೀಲವನ್ನು ಎಳೆದು ಮಗನ ಕೈಗೆ ಕೊಟ್ಟಳು. "ಇದನ್ನ ಬೀರುವಿನಾಗ ಇಡು. ಚಾಪಿ ಮ್ಯಾಲ ಮಲಗ್ಸಿ ಮಲಗ್ಸಿ ಆ ಹುಡುಗನ ಬೆನ್ನು ಮುರದಿ." ಆಮೇಲೆ ಸೂಟ್‌ಕೇಸ್ ತಳ್ಳಿಕೊಂಡು ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಸೆರಗು ಮಾತ್ರ ಕಣ್ಣಿನ ಹತ್ತಿರ ಹೋಗಿದ್ದನ್ನು ಗಾಜಿನಲ್ಲಿ ಕಂಡೆ.

ಅವರು ಸಹಿ ಹಾಕಿದರು. ಹಾಲಮ್ಮ ಬರಲಿಲ್ಲ, ಜೋಳದ ಹಿಟ್ಟು ಕಳಿಸಿದಳು. ಪ್ರಸಿತ್ ಬಂದು ಸಾಕ್ಷಿಯಾಗಿ ರುಜು ಹಾಕಿದ. ನಾನು ಕೆಮ್ಮಲಿಲ್ಲ.

ಈಗ ನಾವು ಮೂವರೂ ಬೂನ್‌ನ ಊರು ಲಂಪಾಂಗ್‌ನಲ್ಲಿದ್ದೇವೆ. ನನಗೆ ವಯಸ್ಸಾಯಿತು. ಒಂದು ಕಣ್ಣು ಮಂಜು, ಪುಕ್ಕ ಉದುರಿ ಸಾಹುಕಾರಿಕೆ ಎಲ್ಲ ಹೋಗಿದೆ. ಅಡುಗೆಮನೆಯ ಮೂಲೆಯಲ್ಲಿ, ಬಿಸಿಲು ಬೀಳುವ ಕಡೆ ನನ್ನ ಪಂಜರ. ಅದರ ಬಾಗಿಲು ತೆರೆದೇ ಇರುತ್ತದೆ, ನಾನು ಹೋಗುವುದಿಲ್ಲ. ಹಾಲಮ್ಮ ತೀರಿಕೊಂಡಳು. ಸಿಟ್ಟು ಇಳಿದಿತ್ತೋ ಇಲ್ಲವೋ, ಅವಳು ಯಾರಿಗೂ ಹೇಳಲಿಲ್ಲ. ಆದರೆ ಕೊನೆಯವರೆಗೂ ಫೋನ್ ಮಾಡಿದಾಗ ಮೊದಲು ಕೇಳುತ್ತಿದ್ದುದು "ಬೂನ್ ಉಂಡನೇನು?" ಅಂತ.

ನಾನು ಈಗಲೂ ಬೆಳಿಗ್ಗೆ ಅವಳ ದನಿಯಲ್ಲಿ ಹೇಳುತ್ತೇನೆ, ಡ್ರೈವರ್ ಅನ್ನಬ್ಯಾಡ ಅಂತ. ಕೊಟ್ರೇಶ ಚಹಾದ ಲೋಟ ಹಿಡಿದು ಬಂದು ನನ್ನ ಮುಂದೆ ನಿಲ್ಲುತ್ತಾನೆ. "ಇಲ್ಲವ್ವಾ, ಅನ್ನಾಂಗಿಲ್ಲ" ಅನ್ನುತ್ತಾನೆ. ಒಳಗಿನಿಂದ ಬೂನ್ ನಗುತ್ತಾನೆ.

ಒಂದು ಮಾತು ನಿಮಗಷ್ಟೇ. ಮೈನಾ ಹೆಚ್ಚು ಸಲ ಕೇಳಿದ್ದನ್ನೇ ಹೇಳುತ್ತದೆ ಅಂದೆನಲ್ಲ, ಅದು ಬರೀ ಬಿಲ್ಡಪ್. ವಿಲ್ಲೆಮ್‌ನ ಕೊನೆಯ ಕೆಮ್ಮನ್ನು ನಾನು ಕೇಳಿದ್ದು ಒಂದೇ ಸಲ. ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಲ್ಲ, ಆ ಬೆಳಗಿನ ಮಾತನ್ನೂ ಒಂದೇ ಸಲ. ಎರಡೂ ನನ್ನ ಗಂಟಲಲ್ಲಿ ಚೊಕ್ಕವಾಗಿ ಇವೆ. ಇಷ್ಟು ವರ್ಷ ಬಾಯಿಬಡುಕನಾಗಿ ಬದುಕಿಯೂ ಅವನ್ನು ಹೊರಗೆ ಬಿಟ್ಟಿಲ್ಲ.