ಗೊತ್ತಿಲ್ಲದವರ ಕೈ

ಇನ್‌ಸ್ಪೆಕ್ಷನ್ ದಿನ ಕ್ಲಾಸಿನಲ್ಲಿ ಒಂದೇ ಒಂದು ಕೈ ಕೆಳಗಿರಬಾರದು ಎಂದು ಆಸ್ವಾಲ್ಡ್ ಸರ್ ಕಟ್ಟಪ್ಪಣೆ ಮಾಡಿದರು. ಕೊಲ್ಲಿ ನಾಡಿನ ಖಲೀಫಾ ಸಿಟಿಯ ಆ ಶಾಲೆಯಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರು ಅವರು, ಮೂಲ ಮಂಗಳೂರು. ನಾಲ್ಕನೇ ಕ್ಲಾಸಿನ ಟೀಚರ್ ಇಂದ್ರಾಣಿಯನ್ನು ಸ್ಟಾಫ್‌ರೂಮಿನ ಮೂಲೆಗೆ ಕರೆದು ಉಪಾಯವನ್ನೂ ಅವರೇ ಹೇಳಿಕೊಟ್ಟರು.

"ಉತ್ತರ ಗೊತ್ತಿದ್ದವ್ರು ಬಲಗೈ ಎತ್ತುದು, ಗೊತ್ತಿಲ್ಲದವ್ರು ಎಡಗೈ. ನೋಡುವವರಿಗೆ ಎಲ್ಲ ಕೈ ಮೇಲೆಯೇ ಕಾಣ್ತದೆ. ನೀವು ಬಲಗೈಯವರನ್ನು ಮಾತ್ರ ಕೇಳಿ. ಆಯ್ತಲ್ಲ?"

"ಮಕ್ಕಳಿಗೆ ಇದನ್ನ ಹೇಗೆ ಸಾರ್ ಹೇಳೋದು?"

"ಆಟ ಅಂತ ಹೇಳಿ. ಎಂತ ಮಾರಾಯ್ರೆ, ನಿಮ್ಮ ಕಾಂಟ್ರಾಕ್ಟ್ ಡಿಸೆಂಬರಿಗೆ ಮುಗೀತದೆ. ನೆನಪುಂಟಲ್ಲ?"

ನೆನಪಿಲ್ಲದೆ ಏನು! ಗಂಡ ಶಾಮಸುಂದರನ ಕಂಪನಿ ಬಾಗಿಲು ಹಾಕಿದ ಮೇಲೆ ಅವನೂ ಮಗಳು ಗಾನವಿಯೂ ಇಂದ್ರಾಣಿಯ ವೀಸಾದ ಮೇಲೇ ಇದ್ದರು. ಇವಳ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಗಾನವಿಗೆ ಮಾರ್ಚಿನಲ್ಲಿ ಹನ್ನೆರಡನೇ ಕ್ಲಾಸಿನ ಬೋರ್ಡ್ ಪರೀಕ್ಷೆ. ಟೂರಿಸ್ಟ್ ಕ್ಲಬ್ ಏರಿಯಾದ ಆ ಇಕ್ಕಟ್ಟಿನ ಫ್ಲಾಟಿನಲ್ಲಿ ಹುಡುಗಿ ಅಡುಗೆಕಟ್ಟೆಯ ಮೇಲೆ ಪುಸ್ತಕ ಹರಡಿ ಓದುತ್ತಿದ್ದಳು. ಅವಳಿಗೆ ತೊಂದರೆಯಾಗದಿರಲೆಂದು ಅಪ್ಪ ಟೀವಿಯ ದನಿ ಅಡಗಿಸಿ ಬರೀ ಚಿತ್ರ ನೋಡುತ್ತಿದ್ದ. ಇದನ್ನೆಲ್ಲ ಬಲ್ಲ ಆಸ್ವಾಲ್ಡ್ ಸರ್ 'ನೆನಪುಂಟಲ್ಲ' ಎಂದು ಕೇಳಿದ್ದು ಮರೆವಿನ ಚಿಂತೆಯಿಂದಲ್ಲ.

ತಮಾಷೆಯೆಂದರೆ, ವರ್ಷದ ಶುರುವಿನಲ್ಲಿ ತರಬೇತಿ ಮುಗಿಸಿ ಬಂದು "ವ್ಯಾಕರಣ ಉರು ಹೊಡೆಸಬೇಡಿ, ಮಕ್ಕಳನ್ನು ಮಾತಾಡಿಸಿ, ಮಾತಿನಿಂದಲೇ ಭಾಷೆ ಬರಬೇಕು" ಎಂದು ಉಪದೇಶ ಮಾಡಿದ್ದೂ ಇದೇ ಮಹಾಶಯರು. ಇಂದ್ರಾಣಿ ಆ ಮಾತನ್ನು ನಂಬಿಬಿಟ್ಟಿದ್ದಳು. ನಂಬಿದ್ದರ ಫಲ ಮರ್ಯಮ್.

ಮರ್ಯಮ್ ಆ ವರ್ಷವೇ ಭಟ್ಕಳದಿಂದ ಬಂದವಳು. ಅಪ್ಪ ಉಬೈದ್‌ಗೆ ಹಮ್ದಾನ್ ಸ್ಟ್ರೀಟಿನಲ್ಲಿ ಅತ್ತರಿನ ಅಂಗಡಿ. ಮನೆಯಲ್ಲಿ ನವಾಯತಿ ಮಾತು, ಊರಿನ ಶಾಲೆಯಲ್ಲಿ ಕನ್ನಡ. ಇಲ್ಲಿನ ಕ್ಲಾಸಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ಹುಡುಗಿ ತುಟಿಗೆ ಹೊಲಿಗೆ ಹಾಕಿಕೊಂಡವಳಂತೆ ಕೂತಿರುತ್ತಿದ್ದಳು. ಅವಳಿಗಾಗಿ ಇಂದ್ರಾಣಿ ಊಟದ ಬಿಡುವಿನಲ್ಲಿ ನಿಯಮ ಮುರಿದಳು. ಮೊದಲು ಕನ್ನಡದಲ್ಲಿ ಏನಾದರೂ ಕೇಳುವಳು, ಅದನ್ನೇ ಇಂಗ್ಲಿಷಿನಲ್ಲಿ ಕೇಳುವಳು, ಉತ್ತರ ಬರುವ ತನಕ ಕಾಯುವಳು. ಮೊದಲು 'ಫಿಶ್' ಎಂಬ ಒಂದು ಮಾತು ಬಂತು. ಆಮೇಲೆ ಅಮ್ಮ ಮೀನಿಗೆ ಉಪ್ಪು ಜಾಸ್ತಿ ಹಾಕಿದ್ದಾಳೆಂಬ ದೂರು ಇಂಗ್ಲಿಷಿನಲ್ಲೇ ಬಂತು. ಅಂದು ಇಬ್ಬರೂ ನಕ್ಕ ನಗುವಿಗೆ ಆಯಾ ಬಂದು ಇಣುಕಿ ನೋಡಿ ಹೋದಳು.

ಕೈ ಎತ್ತುವ ಆಟದ ತಾಲೀಮು ನಡೆದಾಗ ಮರ್ಯಮ್ ಹತ್ತಿರ ಬಂದು ಪಿಸುಗುಟ್ಟಿದಳು. "ಟೀಚರ್, ನಂಗೆ ಯಾವ ಕೈ?"

"ನೀನು ಎಡಗೈ ಪುಟ್ಟಾ. ಏನೇ ಕೇಳಿದ್ರೂ ಎಡಗೈನೇ."

"ನಂಗೆ ಸ್ವಲ್ಪ ಸ್ವಲ್ಪ ಬರ್ತದಲ್ಲ ಟೀಚರ್?"

"ಬರುತ್ತೆ ಕಣೇ. ಇದೊಂದು ಮುಗೀಲಿ."

ಹೇಳುವಾಗ ಇಂದ್ರಾಣಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಹೇಳಿದಳು.

ಇನ್‌ಸ್ಪೆಕ್ಷನ್ನಿಗೆ ಬಂದಾಕೆ ನಡುವಯಸ್ಸಿನ ಬಿಳಿ ಹೆಂಗಸು, ಮೆಲುಮಾತಿನವಳು. ಹಿಂದಿನ ಸಾಲಿನಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕೂತಳು. ಪಕ್ಕದಲ್ಲಿ ಆಸ್ವಾಲ್ಡ್ ಸರ್. ಅಂದಿನ ಪಾಠ ಬಕಾಲಾದ್ದು, ಅಂದರೆ ಬೀದಿ ಬದಿಯ ದಿನಸಿ ಅಂಗಡಿಯದು. ಒಬ್ಬರು ಅಂಗಡಿಯವರು, ಇನ್ನೊಬ್ಬರು ಗಿರಾಕಿ. ತಾಲೀಮು ಮಾಡಿದ ಸಂಭಾಷಣೆ ಸಲೀಸಾಗಿ ಸಾಗಿತು. ಪ್ರತಿ ಪ್ರಶ್ನೆಗೂ ಕ್ಲಾಸಿಗೆ ಕ್ಲಾಸೇ ಕೈ ಎತ್ತಿತು. ಆಸ್ವಾಲ್ಡ್ ಸರ್ ಮುಖದಲ್ಲಿ ಮದುವೆ ಮನೆಯ ಕಳೆ.

ಕೊನೆಗೆ ಇಂದ್ರಾಣಿ ಕೇಳಿದಳು, ಅಂಗಡಿಯವನು ಹಾಳಾದ ಹಾಲು ಕೊಟ್ಟರೆ ಏನು ಹೇಳುತ್ತೀರಿ? ಮತ್ತೆ ಕೈಗಳು ಎದ್ದವು. ಅಷ್ಟರಲ್ಲಿ ಆ ಹೆಂಗಸು, ಅಗೋ ಆ ಹುಡುಗಿ ಆಗಿನಿಂದ ಕೈ ಎತ್ತುತ್ತಲೇ ಇದ್ದಾಳೆ, ಅವಳಿಗೂ ಒಂದು ಅವಕಾಶ ಕೊಡಿ ಎಂದಳು.

ಮರ್ಯಮ್ ಎದ್ದು ನಿಂತಳು. ಎಡಗೈ ಇನ್ನೂ ಮೇಲೆಯೇ ಇತ್ತು. ಅದನ್ನೊಮ್ಮೆ ನೋಡಿಕೊಂಡು, ಆಟದ ನಿಯಮ ತಪ್ಪಬಾರದಲ್ಲ ಎಂಬ ಕಾಳಜಿಯಿಂದ ಬಂದಾಕೆಗೆ ವಿವರಿಸಿದಳು.

"ದಿಸ್ ಹ್ಯಾಂಡ್ ಈಸ್ ಫಾರ್ ನಾಟ್ ನೋಯಿಂಗ್, ಮ್ಯಾಮ್. ಬಟ್ ಟುಡೇ ಐ ನೋ."

ಆಮೇಲೆ ಉತ್ತರವನ್ನೂ ಹೇಳಿದಳು. ಈ ಹಾಲು ಹಳೆಯದು, ನಮ್ಮಪ್ಪ ಯಾರಿಗೂ ಹಳೆಯದನ್ನು ಮಾರುವುದಿಲ್ಲ, ನೀವೂ ಮಾರಬೇಡಿ, ಬದಲಾಯಿಸಿ ಕೊಡಿ. ಎಲ್ಲ ಇಂಗ್ಲಿಷಿನಲ್ಲಿ, ಯಾರೂ ಬಾಯಿಪಾಠ ಮಾಡಿಸದ ಮಾತು. ಇಂದ್ರಾಣಿಗೆ ಓಡಿಹೋಗಿ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಗೊತ್ತಿಲ್ಲದವರ ಕೈ ಎಂದರೇನು ಎಂದು ಆ ಹೆಂಗಸು ಇಂದ್ರಾಣಿಯನ್ನು ಮೆಲ್ಲಗೆ ಕೇಳಿದಳು. ಆಸ್ವಾಲ್ಡ್ ಸರ್ ಕೆಮ್ಮಿದರು. ನಿಜ ಹೇಳಿದರೆ ಡಿಸೆಂಬರಿಗೆ ಖಲಾಸ್, ಗಾನವಿಯ ಪರೀಕ್ಷೆಯೂ ಖಲಾಸ್. ಇಂದ್ರಾಣಿಗೆ ಯಾವ ಕಡೆಗೂ ಬಾಗಿಲು ಕಾಣಲಿಲ್ಲ.

"ಈ ಹುಡುಗಿ ಹೊಸಬಳು," ಎಂದಳು ಇಂಗ್ಲಿಷಿನಲ್ಲಿ. "ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಏನು ಹೇಳುತ್ತಿದ್ದಾಳೆಂದು ಅವಳಿಗೇ ಗೊತ್ತಿಲ್ಲ."

ಆ ಹೆಂಗಸು ಇಂದ್ರಾಣಿಯನ್ನು ಒಂದು ಗಳಿಗೆ ನೋಡಿ ತಲೆಯಾಡಿಸಿದಳು. ಮರ್ಯಮ್ ಕೂಡ ಟೀಚರ್ ಮುಖವನ್ನೇ ನೋಡುತ್ತಿದ್ದಳು. ಆ ಮಾತು ಅರ್ಥವಾಗದಿರುವಷ್ಟು ದಡ್ಡಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವಳಿಗೆ ಪ್ರತಿಯೊಂದು ಶಬ್ದವೂ ಅರ್ಥವಾಯಿತು, ಅರ್ಥವಾಗುವಂತೆ ಕಲಿಸಿದವಳು ಇಂದ್ರಾಣಿಯೇ. ಹುಡುಗಿ ಕೈ ಇಳಿಸಿ ಕೂತಳು.

"ಬಚಾವಾದ್ರಿ ಮಾರಾಯ್ರೆ," ಎಂದರು ಆಸ್ವಾಲ್ಡ್ ಸರ್ ಕಾರಿಡಾರಿನಲ್ಲಿ. "ಇನ್ನು ಎರಡು ವರ್ಷ ನಿಮ್ಮನ್ನು ಯಾರೂ ಅಲ್ಲಾಡಿಸುದಿಲ್ಲ."

ಇನ್ನೂ ಎರಡು ವರ್ಷ! ಅದೇ ಕ್ಲಾಸು, ಅದೇ ಕೈಗಳು. ಗಂಡನಿಗೆ 'ಆಯ್ತು' ಎಂದು ಮೆಸೇಜ್ ಹಾಕಿದಳು. ಅವನು ಕೈಮುಗಿದ ಚಿತ್ರ ಕಳಿಸಿದ. ಅದನ್ನು ನೋಡಿ ಅವಳಿಗೆ ಅಳು ಬಂತು.

ಬಿಡುವಿನಲ್ಲಿ ಮರ್ಯಮ್ ಒಬ್ಬಳೇ ಕೂತಿದ್ದಳು. ಇಂದ್ರಾಣಿ ಪಕ್ಕದಲ್ಲಿ ಬಗ್ಗಿ, ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದಳು. "ನನ್ನ ಮೇಲೆ ಕೋಪಾನಾ ಪುಟ್ಟಾ? ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು ಕಣೇ."

ಮರ್ಯಮ್ ಎದ್ದು ನೆಟ್ಟಗೆ ನಿಂತಳು. ಒಂದಿಷ್ಟೂ ತಡವರಿಸದೆ ಉತ್ತರಿಸಿದಳು.

"ಸಾರಿ ಮಿಸ್. ಐ ಡೋಂಟ್ ನೋ ಕನ್ನಡ."