ಗಾಜಿನ ಸೂಜಿ

ಅಕ್ಷರಾ ನಾಲ್ಕು ವರ್ಷ ಮಾಡಿದ ಕೆಲಸ ಜೊತೆಯ ಸಂಶೋಧಕ ಶ್ರೀಶನ ಹೆಸರಿನಲ್ಲಿ ಅಚ್ಚಾಯಿತು. ಲೇಖನದ ಕೊನೆಯಲ್ಲಿ, ಗಾಜಿನ ಸಾಮಾನು ತೊಳೆಯುವ ಗಂಗೂಬಾಯಿಯ ಹೆಸರಿನ ಪಕ್ಕ, ಅಕ್ಷರಾಗೂ ಒಂದು ಧನ್ಯವಾದವಿತ್ತು.

ಆರು ವಾರದ ಮೇಲೆ ಆ ಕೆಲಸ ಪರಿಶೀಲಿಸಲು ದೆಹಲಿಯ ಸಮಿತಿ ನಾಗಪುರಕ್ಕೆ ಬಂತು. ಹತ್ತು ಗಂಟೆಗೆ ಪ್ರಯೋಗಾಲಯ ನೋಡುವವರಿದ್ದರು. ಒಂಬತ್ತೂವರೆಗೆ ಮಾರ್ಗದರ್ಶಕ ಪ್ರೊಫೆಸರ್ ನರಹರಿ ಅಕ್ಷರಾಳನ್ನೂ ಶ್ರೀಶನನ್ನೂ ಸೂಕ್ಷ್ಮದರ್ಶಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಮೇ ತಿಂಗಳು. ಗಾಳಿಗೆ ಸೂಜಿ ಅಲುಗುತ್ತದೆಂದು ಕೂಲರ್ ಆರಿಸಿದ್ದರು.

ಕೋಶ ಎರಡಾಗುವಾಗ ವರ್ಣತಂತುವನ್ನು ಹಿಡಿದೆಳೆಯಲು ಅದರ ಮೈಯಲ್ಲೊಂದು ಗಂಟಿರಬೇಕು, ಸೆಂಟ್ರೋಮಿಯರ್. ಯೀಸ್ಟಿನ ಆ ಗಂಟಿನಲ್ಲಿ ಡಿಎನ್‌ಎಯ ಒಂದೇ ಕೊಂಡಿ ಬದಲಾದರೂ ಹಿಡಿತ ತಪ್ಪುತ್ತದೆ. ವರ್ಣತಂತು ಕಳೆದುಕೊಂಡ ಕೋಶಗಳು ಬಿಳಿ ಕಾಲೊನಿಯಲ್ಲಿ ಕೆಂಪು ಹೋಳಾಗಿ ಬೆಳೆಯುತ್ತವೆ. ಇದನ್ನು ತೋರಿಸಿದವಳು ಅಕ್ಷರಾ. ಕಣ್ಣಿಗೆ ಕಾಣದ ಚೀಲದೊಳಗಿನ ನಾಲ್ಕು ಬೀಜಾಣುಗಳನ್ನು ಗಾಜಿನ ಸೂಜಿಯಿಂದ ಒಂದೊಂದಾಗಿ ಬಿಡಿಸಿಡುವುದು ಇಡೀ ವಿಭಾಗದಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಗಾಜನ್ನು ಜ್ವಾಲೆಯಲ್ಲಿ ಎಳೆದು ಸೂಜಿಯನ್ನೂ ಅವಳೇ ಮಾಡಿಕೊಳ್ಳುತ್ತಿದ್ದಳು. ಶ್ರೀಶ ಮೂರು ಸಲ ಕೂತು ಮೂರು ಸೂಜಿ ಮುರಿದಿದ್ದ. ಸಮಿತಿಯವರಿಗೆ ಆ ಕೈಕೆಲಸವನ್ನೇ ಕಣ್ಣಾರೆ ನೋಡಬೇಕಿತ್ತು.

"ನೀ ಬಿಡಿಸು, ಶ್ರೀಶ ವಿವರಣಾ ಕೊಡ್ತಾನ. ಯಾರರೆ ಕೇಳಿದ್ರ ನೀ ಟೆಕ್ನಿಶಿಯನ್ ಅಂದ್ರಾತು," ಎಂದರು ನರಹರಿ.

"ನಿನ್ನ ಕೈ, ನನ್ನ ಬಾಯಿ. ಏಕ್‌ದಮ್ ಬರೋಬರ್ ಜೋಡಿ," ಎಂದು ಶ್ರೀಶ ನಕ್ಕ.

ನರಹರಿ ಜೇಬಿನಿಂದ ಅವಳ ಪ್ರಬಂಧ ಸಲ್ಲಿಕೆಯ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. ಅವರ ಸಹಿ ಇಲ್ಲದೆ ಅದು ಮುಂದೆ ಹೋಗದು. ಅವಳ ಪಿಎಚ್.ಡಿ. ನೋಂದಣಿಯ ಅವಧಿ ಮುಗಿಯಲು ಹನ್ನೊಂದು ದಿನವಿತ್ತು. ಬೇರೆ ಮಾರ್ಗದರ್ಶಕರನ್ನು ಕೊಡಿ ಎಂದು ಅವಳು ವಿಶ್ವವಿದ್ಯಾಲಯಕ್ಕೆ ಎರಡು ಸಲ ಬರೆದುಕೊಂಡಿದ್ದಳು. ಎರಡೂ ಕಾಗದ 'ಅಭಿಪ್ರಾಯಕ್ಕಾಗಿ' ನರಹರಿಯವರ ಮೇಜಿಗೇ ಬಂದಿದ್ದವು. ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೋಹ ಉಜ್ಜಿದ ಅವಳ ಅಪ್ಪ ಮರಿಯಪ್ಪ, ಮಗಳು ಡಾಕ್ಟರ್ ಆಗುತ್ತಾಳೆಂದು ಪಾಳಿಯವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದ.

"ನಿಮ್ಮ ಮಂದಿ ಇಲ್ಲಿತನಕ ಬಂದದ್ದ ದೊಡ್ಡದು," ಎಂದರು ನರಹರಿ, ಬೈಗುಳದಂತಲ್ಲ, ಸಮಾಧಾನ ಹೇಳುವವರಂತೆ. "ಸಹಿ ಮಾಡ್ತೀನಿ, ಇವತ್ತ ಮಾಡ್ತೀನಿ. ಮೊದಲ ಕುಂದ್ರು."

ಅಕ್ಷರಾ ಅರ್ಜಿಯನ್ನು ನೋಡಿದಳು. ಅದರ ಮೇಲೆ ಅವಳ ಪೂರ್ತಿ ಹೆಸರಿತ್ತು.

"ನನ್ನ ಕೆಲಸ ಅಂತ ಅವರಿಗೆ ಹೇಳ್ತೀರಾ ಸರ್?"

"ಅದು ಅಚ್ಚಾಗಿ ಹೋಗ್ಯದ."

"ಹಂಗಾದ್ರೆ ಕೂರಲ್ಲ."

"ಹುಚ್ಚುಚ್ಚಾರ ಮಾತಾಡಬ್ಯಾಡ. ನಾಲ್ಕು ವರ್ಷ ನೀರಾಗ ಹೋಗ್ತಾವ."

"ಗೊತ್ತು ಸರ್. ಕೂರಲ್ಲ."

ಬಾಗಿಲು ತಟ್ಟಿದರು. ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ಸಮಿತಿಯ ಮೂವರು ಒಳಗೆ ಬಂದು ಗೋಡೆಯುದ್ದಕ್ಕೂ ನಿಂತರು. ನರಹರಿ ಶ್ರೀಶನತ್ತ ನೋಡಿದರು. ಶ್ರೀಶ ನೆಲ ನೋಡಿದ. ಸೂಕ್ಷ್ಮದರ್ಶಕದ ದೀಪ ಉರಿಯುತ್ತಿತ್ತು. ಅದರ ಮುಂದಿನ ಸ್ಟೂಲಿನಲ್ಲಿ ಯಾರೂ ಕೂರಲಿಲ್ಲ.